ಕುಸ್ತಿ ಕಂಪನಿ ಎತ್ತಿದ್ದು ಪೆಟ್ಟಲ್ಲ, ಕಥಿ

ಟಿವ್ಯಾಗ ಡಬ್ಲ್ಯುಡಬ್ಲ್ಯುಇ ಕುಸ್ತಿ ಹಚ್ಚಿದ್ರಂದ್ರ ನಮ್ಮ ಹೆಣ್ಣಮಕ್ಕಳೆಲ್ಲಾ ಎದ್ದು ಅಡಗಿಮನಿ ಕಡೆ ಹೋಗಿಬಿಡತೀವಿ. "ಏನ ಹೊಡದಾಡತಾವೋ ಏನೋ, ಅದೂ ಎಲ್ಲಾ ಖೊಟ್ಟಿ" ಅಂತ ಒಂದ ಮಾತು ಒಗದ್ರ ಮುಗೀತು. ನಾ ಹೇಳೂದೇನಂದ್ರ, ಅದು ಧಾರಾವಾಹಿ. ವರ್ಷಾನುಗಟ್ಟಲೆ ಧಾರಾವಾಹಿ ನೋಡಿ ಹಣ್ಣಾದ ನಮಗ ಅದರ ಗುಟ್ಟು ಗಂಡಮಕ್ಕಳಿಗಿಂತ ಛಲೊ ತಿಳೀತದ. ಮುಳುಗೂ ಕುಸ್ತಿ ಕಂಪನಿ ಮ್ಯಾಲೆ ಏಳಬೇಕಂದ್ರ ವಾರಕ್ಕೊಂದು ಧಡಾಕಿ ಕೆಲಸಕ್ಕ ಬರಂಗಿಲ್ಲ. ಮುಗಿಸೂದು ಎಲ್ಲೆ ಅಂತ ಮೊದಲ ಗೊತ್ತಿಟಗೊಂಡು, ಎರಡು-ಮೂರು ವರ್ಷ ಸಾವಕಾಶ ನಡಸೂ ಕಥಿ ಬೇಕು. ಯಾಕ ಹಿಂಗಂತೀನಿ ಅಂತ ಕೇಳ್ರಿ.

ಮೊದಲ ಖೊಟ್ಟಿ ಅನ್ನೂ ಮಾತು ಮುಗಿಸೋಣು. ಜಮಖಂಡಿ, ಬೆಳಗಾವಿ ಕಡೆ ಮಣ್ಣಿನ ಅಖಾಡದಾಗ ನಡಿಯೂ ಕುಸ್ತಿನ ಬ್ಯಾರೆ. ಅಲ್ಲೆ ಯಾರು ಗೆಲ್ತಾರ ಅಂತ ಕೊನೀ ಪಟ್ಟಿನ ತನಕ ಯಾರಿಗೂ ಗೊತ್ತಿರಂಗಿಲ್ಲ. ಅಮೆರಿಕಾದ ಈ ಕುಸ್ತಿಯೊಳಗ ಗೆಲ್ಲೂದು ಸೋಲೂದು ಮೊದಲ ಬರದಿಟ್ಟಿರತಾರ. ಆದ್ರ ಬೀಳೂದು ಖರೆ, ಮೈ ನೋಯೂದು ಖರೆ. ದೊಡ್ಡಾಟದಾಗ ಕೀಚಕ ಸತ್ತ ಮ್ಯಾಲೆ ಎದ್ದು ಹೋಗಿ ಚಹಾ ಕುಡೀತಾನ. ಅದನ್ನ ನಾವು ಖೊಟ್ಟಿ ಅಂತೀವೇನು? ಆಟ ಅಂತೀವಿ. ಗೆಲ್ಲವ ಯಾರಂತ ಮೊದಲ ಬರದಿದ್ದಾಗ ಅವರು ಮಾರೂದು ಗೆಲುವಲ್ರೀ, ಕಾಯೂದನ್ನ. ಮುಂದಿನ ವಾರ ಏನಾಗ್ತದೋ ಅಂತ ಮಂದಿ ಕಾಯಬೇಕು. ಆ ಕಾಯೂ ಆಸೆ ಹೋತಂದ್ರ ಕಂಪನಿ ಹೋತು.

ಇದಕ್ಕ 1990ರ ದಶಕದ ಜಗಳಾನ ದೊಡ್ಡ ಸಾಕ್ಷಿ. ಈಗಿನ ಡಬ್ಲ್ಯುಡಬ್ಲ್ಯುಇಗೆ ಆವಾಗ ಡಬ್ಲ್ಯುಡಬ್ಲ್ಯುಎಫ್ ಅಂತಿದ್ರು. ಯಜಮಾನ ವಿನ್ಸ್ ಮೆಕ್‌ಮಹನ್. 1995ರ ಸೆಪ್ಟೆಂಬರ್‌ದಾಗ ಟೆಡ್ ಟರ್ನರ್‌ನ ಡಬ್ಲ್ಯುಸಿಡಬ್ಲ್ಯು ಕಂಪನಿಯವರು ಸೋಮವಾರ ರಾತ್ರಿ ಅದ ಹೊತ್ತಿಗೆ ತಮ್ಮ ಕಾರ್ಯಕ್ರಮ ಶುರು ಮಾಡಿದ್ರು. ಹೆಸರಾದ ಪೈಲವಾನರನ್ನ ಎಳಕೊಂಡರು. 1996ರಿಂದ 1998ರ ತನಕ ಒಂದರ ಹಿಂದೊಂದು 83 ವಾರ ವಿನ್ಸ್‌ನ ಕಂಪನಿ ಟಿಆರ್‌ಪಿಯೊಳಗ ಸೋತಿತು. ನಮ್ಮ ಓಣ್ಯಾಗ ಎದುರ ಅಂಗಡಿ ತಗದು, ನಮ್ಮ ಗಿರಾಕಿ ಎಲ್ಲಾ ಆ ಕಡೆ ಹಾಯ್ದಂಗಾತು.

ಹಂಗಾದ್ರ ಮ್ಯಾಲೆ ಎದ್ದಿದ್ದು ಹೆಂಗ? ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಅನ್ನವನ ಕಥಿಯಿಂದ. 1997ರ ಮಾರ್ಚ್‌ದಾಗ ಶಿಕಾಗೊ ಹತ್ರ ಅವನ ಮತ್ತ ಬ್ರೆಟ್ ಹಾರ್ಟ್‌ನ ಕುಸ್ತಿ ಆತು. ಆಸ್ಟಿನ್ ದುಷ್ಟನ ಪಾತ್ರ, ಬ್ರೆಟ್ ಒಳ್ಳೆಯವ. ಆಸ್ಟಿನ್ ಮುಖದ ತುಂಬ ರಕ್ತ ಸುರಿಸಿಕೋತ ಎಚ್ಚರ ತಪ್ಪಿದ, ಆದ್ರ ಸೋತೆ ಅನ್ನಲಿಲ್ಲ. ಅವತ್ತ ಮಂದಿ ಮನಸು ಅವನ ಕಡೆ ತಿರುಗಿತು. ಅದ ವರ್ಷ ನವೆಂಬರ್ 9ಕ್ಕ ಮಾಂಟ್ರಿಯಲ್‌ದಾಗ ಬ್ರೆಟ್ ಸೋಲೊಪ್ಪದಿದ್ರೂ ವಿನ್ಸ್ ಗಂಟಿ ಹೊಡಿಸಿ ಅವನ ಪದವಿ ಕಸಗೊಂಡ. ಅದು ಬರದಿಟ್ಟ ಆಟ ಅಲ್ಲ, ಖರೇನ ಮಾಡಿದ ಮೋಸ. ಮಂದಿ ವಿನ್ಸ್‌ಗ ಹಿಡಿ ಶಾಪ ಹಾಕಿದ್ರು. ಅವ ಜಾಣ, ಆ ಸಿಟ್ಟನ್ನ ಬಂಡವಾಳ ಮಾಡಿಕೊಂಡು ತಾನ ಕಥಿಯೊಳಗ ಕೆಟ್ಟ ಮಾಲೀಕನಾದ. ಎದುರಿಗೆ ಯಾರ ಮಾತೂ ಕೇಳದ ಕೆಲಸಗಾರ ಆಸ್ಟಿನ್. 1998ರ ಮಾರ್ಚ್‌ದಾಗ ಆಸ್ಟಿನ್ ಚಾಂಪಿಯನ್ ಆದ. ಏಪ್ರಿಲ್ 13ಕ್ಕ ಮಾಲೀಕ-ಕೆಲಸಗಾರ ಎದುರಬದುರ ಆಗ್ತಾರ ಅಂತ ಸಾರಿದ್ರು, ಆ ರಾತ್ರಿ 83 ವಾರದ ಸೋಲು ಮುರೀತು. ಸಾಹೇಬನ ಮ್ಯಾಲೆ ಸಿಟ್ಟಿಲ್ಲದ ನೌಕರ ಯಾವ ಊರಾಗ ಇದ್ದಾನ ಹೇಳ್ರಿ! ಹಂಗಂತನ ಅದು ಅಷ್ಟು ನಾಟಿತು.

ಎದುರಿನವರ ಕಡೆನೂ ಛಲೊ ಕಥಿ ಇತ್ತು, ಅದನ್ನೂ ಹೇಳಬೇಕು. ಸ್ಟಿಂಗ್ ಅನ್ನವ ಮುಖಕ್ಕ ಬಿಳಿ ಬಣ್ಣ ಬಳಕೊಂಡು ಒಂದ ವರ್ಷಕ್ಕಿಂತ ಹೆಚ್ಚು ಕುಸ್ತಿ ಆಡದ, ಹೆಚ್ಚುಕಡಿಮಿ ಮಾತ ಆಡದ, ಮ್ಯಾಲಿನ ತೊಲಿ ಮ್ಯಾಲೆ ನಿಂತು ನೋಡಿಕೋತ ಇದ್ದ. ಯಾವಾಗ ಇಳದು ಹಲ್ಕ್ ಹೋಗನ್‌ಗ ಪಾಠ ಕಲಸ್ತಾನೋ ಅಂತ ಮಂದಿ ಕಾದ್ರು. 1997ರ ಡಿಸೆಂಬರ್ 28ಕ್ಕ ಆ ದಿನ ಬಂತು. ಅಂಪೈರ್ ಮೋಸದಿಂದ ಗಡಬಡಿಸಿ ಎಣಸಬೇಕು ಅಂತಿತ್ತು. ಅವ ಎಣಿಸಿದ್ದು ಎಲ್ಲರಿಗೂ ಸರಳ ಎಣಿಕಿ ಹಂಗ ಕಾಣಸ್ತು. ಮೋಸ ಕಾಣಲಿಲ್ಲ, ಸ್ಟಿಂಗ್ ಸುಮ್ಮನ ಸೋತಂಗಾತು. ಮತ್ತ ಆಟ ನಡಿಸಿ ಗೆಲಿಸಿದ್ರ ಖರೆ, ರುಚಿ ಹೋಗಿತ್ತು. ಜನವರಿಯೊಳಗ ಆ ಪದವಿನೂ ಅವನಿಂದ ತಗೊಂಡ್ರು. ವರ್ಷಗಟ್ಟಲೆ ಮದಿವಿ ತಯಾರಿ ಮಾಡಿ, ಅಕ್ಷತಿ ಹೊತ್ತಿಗೆ ಮುಹೂರ್ತ ತಪ್ಪಿಸಿದಂಗ.

ಆಮ್ಯಾಲೆ ಗೋಲ್ಡ್‌ಬರ್ಗ್ ಅನ್ನವನ್ನ ಸೋಲಿಲ್ಲದ ಸರದಾರ ಮಾಡಿದ್ರು. 1998ರ ಡಿಸೆಂಬರ್‌ದಾಗ ಅವನ ಮೈಗೆ ಕರೆಂಟ್ ಕೊಡಿಸಿ ಕೆವಿನ್ ನ್ಯಾಶ್‌ನ ಕೈಲೆ ಸೋಲಿಸಿದ್ರು. ಒಂದ ವಾರದಾಗ, 1999ರ ಜನವರಿ 4ಕ್ಕ, ಹೋಗನ್ ಬಂದು ಒಂದ ಬಟ್ಟಿಲೆ ಎದಿಗೆ ಚುಚ್ಚಿದ, ನ್ಯಾಶ್ ಧೊಪ್ಪಂತ ಬಿದ್ದು ಪದವಿ ಬಿಟ್ಟುಕೊಟ್ಟ! ಅದ ರಾತ್ರಿ ಎದುರ ಚಾನಲ್ಲಿನ್ಯಾಗ ಮಿಕ್ ಫೋಲಿ ಚಾಂಪಿಯನ್ ಆಗ್ತಾನ ಅಂತ ತಮ್ಮ ಬಾಯಿಲೆ ತಾವ ಹೇಳಿ ಹೀಯಾಳಿಸಿದ್ರು. ನೆರಿಮನ್ಯಾಗ ಹೋಳಿಗಿ ಊಟ ಅದ ಅಂತ ನಾವ ಡಂಗುರ ಹೊಡದಂಗ. ಮಂದಿ ಚಾನಲ್ ಬದಲಿಸಿ ಆ ಕಡೆ ಹೋದ್ರು. 2001ರ ಮಾರ್ಚ್‌ದಾಗ ಆ ಕಂಪನಿ ವಿನ್ಸ್‌ನ ಕೈಗೇ ಮಾರಾಟ ಆತು. ರೊಕ್ಕಕ್ಕ ಅವರಿಗೆ ಕಡಿಮಿ ಇರಲಿಲ್ಲ. ಕಾದವರಿಗೆ ಕೊಡಬೇಕಾದ್ದು ಕೊಡಲಿಲ್ಲ, ಅಷ್ಟ.

ಹಂಗಂತ ಗೆದ್ದವರ ಕೈ ಸ್ವಚ್ಛ ಇತ್ತೇನು? ಇಲ್ಲ. ಮ್ಯಾಲೆ ಎದ್ದ ಮ್ಯಾಲೆ ವಿನ್ಸ್‌ನ ಕಂಪನಿಗೆ ವಾರವಾರಾನೂ ಮಂದಿ ಕಣ್ಣ ಕುಕ್ಕಿಸೂ ಚಟ ಹತ್ತಿತು. 1999ರ ಮೇ 23ಕ್ಕ ಕಾನ್ಸಾಸ್ ಸಿಟಿಯೊಳಗ ಬ್ರೆಟ್‌ನ ತಮ್ಮ ಓವೆನ್ ಹಾರ್ಟ್‌ನ್ನ ನಗಸೂ ವೇಷ ಹಾಕಿಸಿ ಛಾವಣಿಯಿಂದ ಹಗ್ಗದ ಮ್ಯಾಲೆ ಇಳಸಾಕ ಹೋದ್ರು. ಕೊಂಡಿ ಬಿಚ್ಚಿತು, ಅವ ರಿಂಗಿನ್ಯಾಗ ಬಿದ್ದು ಸತ್ತ. ವಯಸ್ಸು 34, ಹೆಂಡ್ತಿ ಮಾರ್ಥಾ, ಎರಡ ಸಣ್ಣ ಮಕ್ಕಳು. ಕಾರ್ಯಕ್ರಮ ನಿಲ್ಲಿಸಲಿಲ್ರೀ, ಮುಂದವರಿಸಿದ್ರು. ಮಾರ್ಥಾ ಕೋರ್ಟಿಗೆ ಹೋದಳು, 2000ದಾಗ ಕಂಪನಿ ಪರಿಹಾರ ಕೊಟ್ಟು ಒಪ್ಪಂದ ಮಾಡಿಕೊಂತು. ಆ ರೊಕ್ಕದಾಗ ಗಂಡನ ಹೆಸರಿಲೆ ಸಂಸ್ಥಾ ಮಾಡಿ ಬಡವರಿಗೆ ಆಸರಾದಳು. ನಾ ವಿಚಾರ ಮಾಡೂದು ಇಷ್ಟ: ಅವತ್ತಿನ ಕಥಿಗೆ ಆ ಇಳಿಯೂದು ಬೇಕಾಗಿತ್ತೇನು? ಎಳ್ಳಷ್ಟೂ ಬೇಕಾಗಿರಲಿಲ್ಲ. ಕಥಿ ತೆಳ್ಳಗಾದಲ್ಲೆ ಮನಷ್ಯಾನ ಮೈ ಹಾಕಿ ಗಟ್ಟಿ ಮಾಡತಾರ. ನಾ ಉದ್ದ ಕಥಿ ಪರ ಮಾತಾಡೂದು ರೊಕ್ಕದ ಲೆಕ್ಕಕ್ಕ ಅಷ್ಟ ಅಲ್ಲ, ಇದರ ಸಲುವಾಗಿ.

ಈಗ 2020ಕ್ಕ ಬರ್ರಿ. ಕೊರೊನಾ ಬಂದು ಕುರ್ಚಿ ಎಲ್ಲಾ ಖಾಲಿ, ಚಪ್ಪಾಳಿ ಇಲ್ಲ. ರೋಮನ್ ರೇನ್ಸ್ ಅನ್ನವನ್ನ ಒಳ್ಳೆಯವ ಒಳ್ಳೆಯವ ಅಂತ ವರ್ಷಗಟ್ಟಲೆ ಮಂದಿ ತಲಿಗೆ ಕಟ್ಟಾಕ ನೋಡಿದ್ರೂ ಮಂದಿ ಒಪ್ಪಿರಲಿಲ್ಲ. ಆಗಸ್ಟ್‌ದಾಗ ಅವನ್ನ ಕೆಟ್ಟವನ್ನಾಗಿ ವಾಪಸ್ ತಂದ್ರು. ಹೊಸಾ ಕಥಿ ಏನಂದ್ರ, ಒಟ್ಟು ಮನಿತನ! ಸಮೋವಾ ಮೂಲದ ಅವರು ಖರೇನೂ ಒಂದ ಬಳ್ಳಿಯವರು. ರೋಮನ್ ಮನಿ ಯಜಮಾನ, "ನನ್ನ ಹಿರೇತನ ಒಪ್ಪಿಕೋ" ಅನ್ನೂದ ಅವನ ಮಾತು. ಅಕ್ಟೋಬರ್‌ದಾಗ ಜೇ ಉಸೊ ಎದುರು ನಿಂತಾಗ, ಅವನ ಜೋಡಿ ಹುಟ್ಟಿದ ಜಿಮಿಯ ಕುತ್ತಿಗಿ ಹಿಚಕಿ ಸೋಲು ಒಪ್ಪಿಸಿದ. ಹಿಂಥಾ ಯಜಮಾನರನ್ನ ನಾವು ಎಷ್ಟ ಮನ್ಯಾಗ ನೋಡಿಲ್ಲ ವೈನಿ? ಊಟ ಹಾಕತಾನ, ಉಸಿರೂ ಹಿಡೀತಾನ.

ಆಮ್ಯಾಲೆ ಸಾಮಿ ಝೇನ್ ಬಂದ. ರಕ್ತ ಸಂಬಂಧ ಇಲ್ಲದವ, ಆ ಮನ್ಯಾಗ ಒಬ್ಬನಾಗಬೇಕಂತ ಹಂಬಲಸವ. ತಿಂಗಳಾನುಗಟ್ಟಲೆ ಸೇವಾ ಮಾಡಿದ. 2023ರ ಜನವರಿಯೊಳಗ ತನ್ನ ಹಳೇ ಗೆಳೆಯಾಗ ಕುರ್ಚಿಲೆ ಹೊಡಿ ಅಂದಾಗ, ರೋಮನ್‌ನ ಬೆನ್ನಿಗೇ ಹೊಡದ. ಆ ಒಂದ ಕುರ್ಚಿ ಪೆಟ್ಟಿಗೆ ಮಂದಿ ಕೂಗಿದ ಕೂಗು ಕೇಳಬೇಕಿತ್ತು. ಯಾರನ್ನೂ ಛಾವಣಿಯಿಂದ ಇಳಸೂದು ಬೇಕಾಗಲಿಲ್ಲ. ಮುಂದ ಜೇನೂ ಸಿಡದು ನಿಂತ, 2023ರ ಜುಲೈದಾಗ ಲಂಡನ್‌ದಾಗ ರೋಮನ್‌ನ ಬೆನ್ನು ನೆಲಕ್ಕ ಹಚ್ಚಿದ. ಕಣ್ಣಿನ ನೋಟದಾಗ, ಅರ್ಧಕ್ಕ ನಿಂತ ಮಾತಿನ್ಯಾಗ ನಡದ ಕಥಿ ಅದು.

ಕೊನಿಗೆ ಕೋಡಿ ರೋಡ್ಸ್. ಅವನ ಅಪ್ಪ ಡಸ್ಟಿ ದೊಡ್ಡ ಹೆಸರಿನವ, ಆದ್ರ ಈ ಕಂಪನಿಯ ದೊಡ್ಡ ಪದವಿ ಅವಗ ದಕ್ಕಲಿಲ್ಲ. ಮಗ 2023ದಾಗ ಸೋತ, 2024ರ ಏಪ್ರಿಲ್ 7ಕ್ಕ ಫಿಲಡೆಲ್ಫಿಯಾದಾಗ ಗೆದ್ದ. ರೋಮನ್‌ನ 1,316 ದಿನದ ಆಳ್ವಿಕಿ ಮುಗೀತು. ನಡುವ ಫೆಬ್ರುವರಿಯೊಳಗ ಕೋಡಿನ್ನ ಸರಿಸಿ ಸಿನಿಮಾ ನಟ ದ ರಾಕ್‌ನ್ನ ತರಾಕ ಹೊಂಟಿದ್ರು. ಮಂದಿ ಸುಮ್ಮನ ಕೂಡಲಿಲ್ಲ, "ನಮಗ ಕೋಡಿನ ಬೇಕು" ಅಂದ್ರು. ಕಂಪನಿ ಕೇಳಿತು, ರಾಕ್‌ನ್ನ ಕೆಟ್ಟವರ ಕಡೆ ಹಾಕಿ ಕಥಿಗೆ ಇನ್ನಷ್ಟು ಖಾರ ತುಂಬಿತು. ಯೋಜನಾ ಅಂದ್ರ ಹಿಂಗಿರಬೇಕು. ಊರು ಗೊತ್ತಿರಬೇಕು, ದಾರಿ ಬದಲಿಸಾಕ ಮನಸೂ ಇರಬೇಕು.

ಇದರಾಗೂ ಕೊರತಿ ಅವ. ನಡುವ ಭಾಳ ಎಳದ್ರು, ಯಜಮಾನ ಎಷ್ಟೋ ವಾರ ಮಾರಿನ ತೋರಸ್ತಿರಲಿಲ್ಲ. ನಮ್ಮ ಧಾರಾವಾಹಿಯವರಿಗೂ ಅದ ರೋಗ. ಟಿಆರ್‌ಪಿ ಬಂತಂದ್ರ ಸತ್ತವರನ್ನ ಎಬ್ಬಸ್ತಾರ, ಮದಿವಿ ಮನ್ಯಾಗ ಒಂದ ವಾರ ಕ್ಯಾಮರಾ ಗರಗರ ತಿರಗಸ್ತಾರ.

ನನ್ನ ಕೈಗೆ ಮುಳುಗೂ ಕಂಪನಿ ಕೊಟ್ರ ನಾ ಮೊದಲ ಕೊನೀ ದಿನ ಬರದಿಡತೀನಿ. ಮನಿಮನ್ಯಾಗ ನಡಿಯೂ ಜಗಳಾನ ಆರಸ್ತೀನಿ: ಯಜಮಾನನ ಜಬರದಸ್ತಿ, ತಮ್ಮನ ಸಂಕಟ, ಅಪ್ಪನ ಅರ್ಧ ಉಳದ ಆಸೆ. ಸಣ್ಣ ಪಾತ್ರದವರಿಗೂ ಒಂದೊಂದು ಗೆಲುವು ಇಡತೀನಿ, ಇಲ್ಲಂದ್ರ ದೊಡ್ಡವ ಹೋದ ದಿನ ಮನಿ ಖಾಲಿ. ಪ್ರಾಣಕ್ಕ ಕುತ್ತು ತರೂ ಆಟ ಬರದವಗ ಆವತ್ತ ಲೆಕ್ಕ ಮುಗಿಸಿ ಮನಿಗೆ ಕಳಸ್ತೀನಿ. ಮತ್ತ ಹೇಳಿದ ದಿನ ಕಥಿ ಮುಗಸ್ತೀನಿ, ಟಿಆರ್‌ಪಿ ಎಷ್ಟ ಇರಲಿ. ಕಾಯಾಕ ಹೇಳಿದವರು ಬಡಸಾಕೂ ಬೇಕಲ್ರೀ.