ಬಯೋಡಾಟಾದಲ್ಲಿ ಹೆಸರನ್ನು ಮುಚ್ಚಿಡಬೇಕೇ?

'ಮುಹಮ್ಮದ್ ಎಂಬುದನ್ನು ಬರೇ ಎಂ. ಎಂದು ಬರೆದರೆ ಸಂದರ್ಶನಕ್ಕೆ ಕರೆ ಬರಬಹುದೇ?'

ಬಿ.ಕಾಂ. ಮುಗಿಸಿದ ಮಂಗಳೂರಿನ ಯುವಕನೋರ್ವ ತನ್ನ ಬಯೋಡಾಟಾವನ್ನು ಮುಂದಿಟ್ಟು ಕೇಳಿದ ಪ್ರಶ್ನೆಯಿದು. ಪಕ್ಕದಲ್ಲಿದ್ದ ಅವನ ತಂದೆ ಏನನ್ನೂ ಹೇಳಲಿಲ್ಲ. ಮಗನಿಗೆ ಆ ಹೆಸರಿಟ್ಟವರು ಅವರೇ.

ಯುವಕನ ಭಯ ಆಧಾರರಹಿತವೆಂದು ಹೇಳುವಂತಿಲ್ಲ. ಖಾಸಗಿ ಕಂಪೆನಿಗಳ ಜಾಹೀರಾತುಗಳಿಗೆ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರುಗಳಲ್ಲಿ ಕಳುಹಿಸಿ ಸುಖದೇವ್ ಥೋರಟ್ ಮತ್ತು ಪಾಲ್ ಆ್ಯಟ್ವೆಲ್ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ ಹೆಸರುಗಳಿಗೆ ಹೋಲಿಸಿದರೆ ದಲಿತ ಹೆಸರುಗಳಿಗೂ ಮುಸ್ಲಿಮ್ ಹೆಸರುಗಳಿಗೂ ಕರೆಗಳು ಕಡಿಮೆ. ಮುಸ್ಲಿಮ್ ಹೆಸರುಗಳಿಗಂತೂ ತೀರಾ ಕಡಿಮೆ. 2022ರಲ್ಲಿ ಲೆಡ್ ಬೈ ಫೌಂಡೇಶನ್ ಸಂಸ್ಥೆಯು 1000 ಹುದ್ದೆಗಳಿಗೆ ಹಿಂದೂ ಯುವತಿಯ ಮತ್ತು ಮುಸ್ಲಿಮ್ ಯುವತಿಯ ಹೆಸರಲ್ಲಿ ಸರಿಸಮಾನ ಬಯೋಡಾಟಾಗಳನ್ನು ಕಳುಹಿಸಿತು. ಮೊದಲನೆಯ ಹೆಸರಿಗೆ 208 ಕಡೆಗಳಿಂದ ಅನುಕೂಲಕರ ಉತ್ತರ ಬಂದರೆ ಎರಡನೆಯದಕ್ಕೆ ಬಂದದ್ದು 103. ವ್ಯತ್ಯಾಸವಿದ್ದುದು ಹೆಸರಿನಲ್ಲಿ ಮಾತ್ರ!

ಸರಕಾರಿ ಉದ್ಯೋಗದಲ್ಲಿ ಧರ್ಮದ ಆಧಾರದಲ್ಲಿ ತಾರತಮ್ಯ ಮಾಡುವುದನ್ನು ಸಂವಿಧಾನದ 16ನೇ ವಿಧಿ ತಡೆಯುತ್ತದೆ. ಖಾಸಗಿ ಕಂಪೆನಿಗಳಿಗೆ ಅದು ಅನ್ವಯಿಸುವುದಿಲ್ಲ. 2006ರ ಸಾಚಾರ್ ವರದಿಯು ಸಮಾನ ಅವಕಾಶ ಆಯೋಗವನ್ನು ರಚಿಸಬೇಕೆಂದು ಶಿಫಾರಸು ಮಾಡಿತು. 2014ರ ಫೆಬ್ರವರಿಯಲ್ಲಿ, ಚುನಾವಣೆ ಹೊಸ್ತಿಲಲ್ಲಿದ್ದಾಗ, ಕೇಂದ್ರ ಸಂಪುಟ ಅದಕ್ಕೆ ಒಪ್ಪಿಗೆ ನೀಡಿತು. ಆಯೋಗ ಮಾತ್ರ ಬರಲಿಲ್ಲ. ನಮ್ಮ ಮತಗಳನ್ನು ಕೇಳಿಕೊಂಡು ಬರುವವರಲ್ಲಿ ಈ ಬಗ್ಗೆ ನಾವೂ ಕೇಳಿದ್ದು ಕಡಿಮೆ.

ಹಾಗಾದರೆ ಹೆಸರನ್ನು ಮುಚ್ಚಿಡಬೇಕೇ? ಕೂಡದು. ಸಂದರ್ಶನದ ಮೇಜಿನಲ್ಲಿ ಅಂಕಪಟ್ಟಿ ತೆರೆದೊಡನೆ ಅದು ಹೇಗೂ ಬಯಲಾಗುತ್ತದೆ. ಆದರೆ ಧರ್ಮ, ಜಾತಿ, ವೈವಾಹಿಕ ಸ್ಥಿತಿ ಮುಂತಾದವನ್ನು ಖಾಸಗಿ ಉದ್ಯೋಗದ ಬಯೋಡಾಟಾದಲ್ಲಿ ಬರೆಯುವ ಅಗತ್ಯವೇ ಇಲ್ಲ. ನಮ್ಮ ಅನೇಕ ಬಯೋಡಾಟಾಗಳು ಕಂಪೆನಿಗೆ ಹೊರಟಿವೆಯೋ ಮದುವೆ ದಲ್ಲಾಳಿಯ ಬಳಿಗೋ ಎಂದು ತಿಳಿಯದಂತಿರುತ್ತವೆ.

ನಿಜವಾಗಿ ಆ ಯುವಕ ಮುಚ್ಚಿಟ್ಟದ್ದು ಹೆಸರನ್ನಲ್ಲ, ಬೇರೆ ಎಲ್ಲವನ್ನೂ. ಸೈಬರ್ ಸೆಂಟರ್‌ನಲ್ಲಿ ಗೆಳೆಯನ ಬಯೋಡಾಟಾವನ್ನೇ ನಕಲಿಸಿ ಹೆಸರು, ಅಂಕಗಳನ್ನು ಬದಲಿಸಲಾಗಿತ್ತು. ಆರಂಭದಲ್ಲಿದ್ದ ಇಂಗ್ಲಿಷ್ ವಾಕ್ಯದ ಅರ್ಥ ಕೇಳಿದರೆ ಅವನಿಗೆ ಗೊತ್ತಿಲ್ಲ. ಅನುಭವ: ಇಲ್ಲ. ಆದರೆ ವಿಚಾರಿಸಿದಾಗ ತಿಳಿದದ್ದೇನು? ಮೂರು ವರ್ಷ ಸಂಜೆ ಹೊತ್ತು ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟಾಕ್ ನೋಡಿಕೊಂಡಿದ್ದಾನೆ, ಟ್ಯಾಲಿಯಲ್ಲಿ ಲೆಕ್ಕ ಬರೆದಿದ್ದಾನೆ, ಜಿಎಸ್‌ಟಿ ಬಿಲ್ಲು ಮಾಡಿದ್ದಾನೆ. 'ಅದು ಮನೆಯ ಕೆಲಸವಲ್ಲವೇ?' ಎಂದು ಅವನೇ ಕೇಳಿದ. ಬಲ್ಲ ಭಾಷೆಗಳಲ್ಲಿ ಬ್ಯಾರಿಯೂ ಇಲ್ಲ, ತುಳುವೂ ಇಲ್ಲ. ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳೊಂದಿಗೆ ಮಾತಾಡಿದ್ದು ಮಾತ್ರ ಅವೆರಡರಲ್ಲೇ! ಮಸೀದಿಯ ನೆರೆ ಪರಿಹಾರದ ಲೆಕ್ಕವನ್ನು ಇಟ್ಟವನೂ ಅವನೇ. ಅದರ ಸುದ್ದಿಯೂ ಇಲ್ಲ.

ತನ್ನ ಬಗ್ಗೆ ಹೇಳಿಕೊಳ್ಳುವುದು ಅಹಂಕಾರವೆಂಬ ಭಾವನೆ ನಮ್ಮ ಮನೆಗಳಲ್ಲಿದೆ. ಪ್ರವಾದಿ ಯೂಸುಫ್(ಅ)ರ ಚರಿತ್ರೆಯನ್ನು ಕುರ್‌ಆನ್‌ನಲ್ಲಿ ಓದುವವರಿಗೆ ಈ ಸಂದೇಹ ಬರಬಾರದಿತ್ತು. ಭಂಡಾರದ ಹೊಣೆಯನ್ನು ತನಗೆ ವಹಿಸುವಂತೆ ಅವರು ದೊರೆಯನ್ನು ಕೇಳಿದರು. ಕಾಯುವ ಪ್ರಾಮಾಣಿಕತೆಯೂ ಅರಿವೂ ತನ್ನಲ್ಲಿದೆಯೆಂದು ನೇರವಾಗಿ ಹೇಳಿದರು. ಅದಕ್ಕೂ ಮುನ್ನ, ಸೆರೆಮನೆಯಿಂದ ಕರೆ ಬಂದಾಗ, ತನ್ನ ಮೇಲಿನ ಆರೋಪದ ವಿಚಾರಣೆ ನಡೆಯಲಿ ಎಂದು ಹೊರಬರಲು ನಿರಾಕರಿಸಿದರು. ಇಲ್ಲದ ಅನುಭವವನ್ನು ಸೃಷ್ಟಿಸುವ, ಕಲಿಯದ ಕೋರ್ಸನ್ನು ಸೇರಿಸುವ ಯುವಕರು ಈ ಎರಡನೆಯ ಘಟನೆಯನ್ನೂ ಓದಬೇಕು.

ಜಮಾಅತ್‌ಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ಗಲ್ಫ್‌ನಲ್ಲಿ ನೇಮಕಾತಿ ವಿಭಾಗದಲ್ಲೇ ದುಡಿದು ಮರಳಿದವರಿದ್ದಾರೆ. ಶಾದಿಮಹಲ್‌ನ ಅಮೃತಶಿಲೆಗೆ ಸಭೆ ಮೇಲೆ ಸಭೆ ಸೇರುವ ಕಮಿಟಿಗಳು ಇವರನ್ನು ವಾರಕ್ಕೊಂದು ಸಂಜೆ ಮದ್ರಸದ ಕೊಠಡಿಯಲ್ಲಿ ಕೂರಿಸಲಾರವೇ? ಹೆಣ್ಣುಮಕ್ಕಳಿಗೂ ಅಲ್ಲಿ ಕುರ್ಚಿ ಇರಲಿ. ಮನೆಯಲ್ಲಿ ಇಪ್ಪತ್ತು ಮಕ್ಕಳಿಗೆ ಟ್ಯೂಷನ್ ಹೇಳುವ ಯುವತಿಯೂ 'ಅನುಭವ ಇಲ್ಲ' ಎಂದೇ ಬರೆಯುತ್ತಿದ್ದಾಳೆ.

ಆ ಯುವಕ ಹೊಸ ಬಯೋಡಾಟಾ ತಯಾರಿಸಿದ್ದಾನೆ. ಒಂದೇ ಪುಟ. ಮೊದಲ ಸಾಲಿನಲ್ಲಿ ಪೂರ್ಣ ಹೆಸರು, ಕೆಳಗೆ ಮಾವನ ಅಂಗಡಿಯ ಮೂರು ವರ್ಷಗಳು. ನಾಲ್ಕು ಕಡೆಗೆ ಕಳುಹಿಸಿದ್ದಾನೆ. ಕರೆ ಇನ್ನೂ ಬಂದಿಲ್ಲ.