ಮಳೆ ಅಂತ ಮಗುವನ್ನು ಕೂಡಿಹಾಕಬೇಡಿ

ಆಷಾಢದ ಜಿಟಿಜಿಟಿ ಮಳೆ ಹಿಡಿದರೆ ಸಾಕು, ನಾವು ಕಿಟಕಿಯ ಜೊತೆ ಮನೆ ಬಾಗಿಲನ್ನೂ ಭದ್ರ ಮಾಡಿಬಿಡುತ್ತೇವೆ. 'ಹೊರಗೆ ಹೋಗ್ಬೇಡ ಪುಟ್ಟಾ, ನೆಗಡಿ ಆಗುತ್ತೆ' ಅಂತ ಹೇಳಿ ಮಗುವಿನ ಕೈಗೆ ಮೊಬೈಲ್ ಕೊಟ್ಟರೆ ಮುಗೀತು. ಸಂಜೆ ಹೊತ್ತಿಗೆ ಮಗು ರಚ್ಚೆ ಹಿಡಿಯುತ್ತೆ, ನಮಗೆ ತಲೆ ಸಿಡಿಯುತ್ತೆ. ಇದರ ಬದಲು, ಬೆಂಗಳೂರಿನಲ್ಲಿರುವ ನೀವು ಅಂಥ ಒಂದು ಬೆಳಿಗ್ಗೆ ಮಗುವನ್ನು ಲಾಲ್‌ಬಾಗ್‌ಗೆ ಯಾಕೆ ಕರೆದುಕೊಂಡು ಹೋಗಬಾರದು?

ಮೊದಲು ನೆಗಡಿಯ ಮಾತು. ನೆಗಡಿ ಬರುವುದು ವೈರಸ್‌ನಿಂದ, ನಾಲ್ಕು ಹನಿ ಮಳೆಯಿಂದಲ್ಲ. ಒದ್ದೆ ಬಟ್ಟೆಯಲ್ಲೇ ಗಂಟೆಗಟ್ಟಲೆ ಇರಿಸಬಾರದು, ಅಷ್ಟೇ. ರೇನ್‌ಕೋಟ್, ಟವೆಲ್, ಒಂದು ಜೊತೆ ಒಣ ಬಟ್ಟೆ, ಫ್ಲಾಸ್ಕ್‌ನಲ್ಲಿ ಬಿಸಿ ಹಾಲು, ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ಇದ್ದರೆ ಸಾಕು. ಉಬ್ಬಸ ಇರುವ ಮಗುವಾದರೆ ಮಾತ್ರ ವೈದ್ಯರನ್ನು ಕೇಳಿಯೇ ಹೊರಡಿ.

ಇನ್ನು, ಎಲ್ಲ ಮಳೆಯೂ ಒಂದೇ ಅಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು, ಬಿರುಗಾಳಿಯ ಮಳೆಯಲ್ಲಿ ಮರದ ಕೆಳಗೆ ನಿಲ್ಲುವುದು ಅಪಾಯ. ಅಂಥ ಮೋಡ ಕಂಡರೆ ಮನೆಯಲ್ಲೇ ಇರಿ. ಜೂನ್‌ನಿಂದ ಆಗಸ್ಟ್‌ವರೆಗಿನ ತುಂತುರು ಮಕ್ಕಳಿಗೆ ಹೇಳಿಮಾಡಿಸಿದ್ದು. ಆದರೆ ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳು ಬೇಡ. ಆ ನೂಕುನುಗ್ಗಲಲ್ಲಿ ಮಗುವಿಗೆ ಕಾಣುವುದು ದೊಡ್ಡವರ ಬೆನ್ನು ಮಾತ್ರ!

ಲಾಲ್‌ಬಾಗ್ ಅಂದರೆ 240 ಎಕರೆ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. ಟಿಕೆಟ್ ತೆಗೆದುಕೊಂಡಿದ್ದೇವೆ, ಎಲ್ಲವನ್ನೂ ತೋರಿಸಿಬಿಡೋಣ ಅಂತ ಮಗುವನ್ನು ಎಳೆದಾಡಬೇಡಿ. ಮೂರು ವರ್ಷದ ಮಗುವಿಗೆ ಇಸವಿ ಬೇಡ, ರಾಜರ ಹೆಸರೂ ಬೇಡ. ಎರಡೇ ಎರಡು ಜಾಗ ನೋಡಿದರೆ ಸಾಕು.

ಒಂದು, ಹಳೆಯ ಬಿಳಿ ಬೂರುಗದ ಮರ. ಅದರ ಬೇರುಗಳು ಗೋಡೆಯ ಹಾಗೆ ಎದ್ದು ನಿಂತಿವೆ. 'ಇದು ಆನೆ ಕಾಲಾ ಅಮ್ಮಾ?' ಅಂತ ಮಗು ಕೇಳಿದರೆ ತಿದ್ದಲು ಹೋಗಬೇಡಿ. ಇನ್ನೊಂದು, ಗಾಜಿನ ಮನೆ. 1889ರಲ್ಲಿ ಇದಕ್ಕೆ ಅಡಿಗಲ್ಲು ಬಿತ್ತು. ಆ ಎತ್ತರದ ಚಾವಣಿಯಿಂದ ಮಳೆ ನೀರು ಇಳಿಯುವ ಚೆಂದವನ್ನು ಹೊರಗಿನಿಂದ ನೋಡಿದರೂ ಸಾಕು. ಬಂಡೆಯ ಮೇಲಿರುವ ಕೆಂಪೇಗೌಡರ ಗೋಪುರವನ್ನು ಮಾತ್ರ ಕೆಳಗಿನಿಂದಲೇ ತೋರಿಸಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆ ಒದ್ದೆಯಾದರೆ ಜಾರುತ್ತೆ. ಬಿಸಿಲಿನ ದಿನ ಹತ್ತಿಸಿದರಾಯಿತು.

ಉಳಿದ ಹೊತ್ತನ್ನು ಮಗುವಿಗೇ ಬಿಡಿ. ಬಸವನಹುಳು ನೋಡುತ್ತಾ ಅರ್ಧ ಗಂಟೆ ಕೂತರೆ ಕೂರಲಿ. ಗುಂಡಿಯ ನೀರಿಗೆ ದುಮುಕಿದರೆ ದುಮುಕಲಿ, ಬಟ್ಟೆ ಒಗೆದರೆ ಹೋಗುತ್ತೆ. ಮಣ್ಣು ಮುಟ್ಟಿದ ಕೈಯನ್ನು ತಿಂಡಿಗೆ ಮೊದಲು ಸೋಪು ಹಾಕಿ ತೊಳೆಸಿ, ಅಷ್ಟೇ. ಅಪಾರ್ಟ್‌ಮೆಂಟಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಒದ್ದೆ ಮಣ್ಣಿನ ವಾಸನೆ ಇನ್ನೆಲ್ಲಿ ಸಿಗಬೇಕು ಹೇಳಿ?

'ಮನೆ ಕೆಲಸ ಬಿಟ್ಟು ಮಳೆಯಲ್ಲಿ ತಿರುಗೋಕೆ ಹೋಗ್ತಾಳೆ' ಅನ್ನುವ ಮಾತು ಬರಬಹುದು. ಬರಲಿ ಬಿಡಿ. ಮಗು ಒಂದನೇ ಕ್ಲಾಸಿಗೆ ಸೇರಿದ ಮೇಲೆ ವಾರದ ನಡುವೆ ಇಂಥ ಬಿಡುವಿನ ಬೆಳಗು ಸಿಗುವುದಿಲ್ಲ. ಒಗೆಯುವ ಬಟ್ಟೆ, ತೊಳೆಯುವ ಪಾತ್ರೆ ನಾಳೆಯೂ ಇರುತ್ತವೆ. ಅಲ್ಲದೆ, ನಾಲ್ಕು ಗೋಡೆಯೊಳಗೆ ದಿನವಿಡೀ ಇರುವ ನಮಗೂ ಸ್ವಲ್ಪ ಗಾಳಿ ಬೇಡವೇ?

2017ರಿಂದ ಪಶ್ಚಿಮ ದ್ವಾರದ ಹತ್ತಿರವೇ ಮೆಟ್ರೋ ನಿಲ್ದಾಣವಿದೆ, ಆಟೋದವರ ಜೊತೆ ಚೌಕಾಸಿಯೂ ಬೇಡ. ಅತ್ತೆಯವರು ಗೊಣಗಿದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮೊಮ್ಮಗುವಿಗೆ ಮರದ ಹೆಸರು ಹೇಳಿಕೊಡುವುದಕ್ಕೆ ಅವರಿಗಿಂತ ಬೇರೆ ಯಾರು ಬೇಕು?