ನೂರ ಎಪ್ಪತ್ತೊಂದನೆಯವನು

ಮಂಜುಗಡ್ಡೆಯ ಮೇಲಿನ ಹಾಕಿಗೆ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ತಂಡಗಳು ವರ್ಷಕ್ಕೊಮ್ಮೆ ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 1998ರಲ್ಲಿ ಡೆಟ್ರಾಯಿಟ್ ತಂಡವು ರಷ್ಯದ ಪಾವೆಲ್ ದತ್ಸ್ಯುಕ್‌ನನ್ನು ಆರನೆಯ ಸುತ್ತಿನಲ್ಲಿ, 171ನೆಯವನಾಗಿ ಆರಿಸಿತು. ಸಣ್ಣ ಮೈಕಟ್ಟಿನ ಈ ಹುಡುಗನನ್ನು ಹಿಂದಿನೆರಡು ವರ್ಷ ಯಾರೂ ಕೇಳಿರಲಿಲ್ಲ. ಮುಂದೆ 2002ರಲ್ಲಿಯೂ 2008ರಲ್ಲಿಯೂ ಸ್ಟ್ಯಾನ್ಲಿ ಕಪ್ ಗೆದ್ದ ತಂಡದಲ್ಲಿ ಅವನಿದ್ದ.

ಇದನ್ನು ಕಂಡು ಆರಿಸಿದವರ ದಿವ್ಯದೃಷ್ಟಿಯನ್ನು ಹೊಗಳುವವರುಂಟು. ನಾನೊಪ್ಪೆ. ಅಷ್ಟು ಖಚಿತವಾಗಿ ಕಂಡಿದ್ದರೆ ಅದೇ ತಂಡ ಐದು ಸುತ್ತು ಬೇರೆಯವರನ್ನು ಆರಿಸುತ್ತಿತ್ತೇ? ಕಡೆಯ ಸುತ್ತುಗಳಲ್ಲಿ ಆಯ್ಕೆಯಾದ ಹೆಚ್ಚಿನವರು ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡದೆ ಹೋಗುತ್ತಾರೆಂಬುದನ್ನೂ ಮರೆಯಬಾರದು. ಆದರೆ ಹದಿನೆಂಟರಲ್ಲಿ ಮೈ ಇನ್ನೂ ಬಲಿತಿರುವುದಿಲ್ಲ. ಕೈಚಳಕ, ಎದುರಾಳಿಯ ಮುಂದಿನ ನಡೆಯನ್ನು ಊಹಿಸುವ ಬುದ್ಧಿ, ಇವು ಆಗಲೇ ಕಾಣುತ್ತವೆ. ಎತ್ತರ ತೂಕಗಳನ್ನಳೆದು ಕೈಬಿಡುವುದಕ್ಕಿಂತ, ಇನ್ನೆರಡು ವರ್ಷ ಹುಡುಗನ ಆಟವನ್ನೇ ಹೋಗಿ ನೋಡುವುದು ಮೇಲು. ದತ್ಸ್ಯುಕ್ ಡೆಟ್ರಾಯಿಟಿನ ಪರ ಆಡಲು ಬಂದದ್ದೇ 2001ರಲ್ಲಿ. ಅಲ್ಲಿಯವರೆಗೆ ರಷ್ಯದಲ್ಲಿಯೇ ಆಡಿ ಬೆಳೆದ.